ಒಂಟಿ ರೆಕ್ಕೆಯ ದೇವದೂತ

ಸರ್... ಸರ್... ಸರ್.

ಮೊದಲು ಈ ಸದ್ದು ಬರುತ್ತಿತ್ತು, ಹಾಡು ಆಮೇಲೆ. ತೆಂಗಿನ ಕಡ್ಡಿಗಳ ತುದಿ ಸ್ಟೇಜಿನ ಹಲಗೆಗೆ ತಾಗುತ್ತ, ಸೊಳ್ಳೆಪರದೆಯ ಬಟ್ಟೆ ಅದರ ಹಿಂದೆ ಎಳೆದುಕೊಳ್ಳುತ್ತ, ನನ್ನ ಬೆನ್ನಿನ ಕಡೆಯಿಂದ ಒಂದೊಂದೇ ಹೆಜ್ಜೆ ಹತ್ತಿರವಾಗುತ್ತಿದ್ದ ಸದ್ದು. ನಾನು ತಿರುಗಿ ನೋಡುವಂತಿರಲಿಲ್ಲ. ನನ್ನ ಮುಂದೆ ಒಂದು ಮೇಜು, ಮೇಜಿನ ಮೇಲೆ ದಪ್ಪ ದಪ್ಪ ಪುಸ್ತಕ, ಪಕ್ಕದಲ್ಲಿ ಕಂದೀಲು. ಗಲ್ಲಕ್ಕೆ ಹತ್ತಿಯ ಗಡ್ಡ. ನಾನು ಲೋಕದ ವಿದ್ಯೆಯನ್ನೆಲ್ಲ ಓದಿ ಸುಸ್ತಾದ ಪಂಡಿತ. ಬೆನ್ನ ಹಿಂದೆ ಬರುತ್ತಿದ್ದವನು ಸ್ವರ್ಗದಿಂದ ಬಿದ್ದ ದೇವದೂತ. ಪಂಡಿತನಿಗೂ ದೇವದೂತನಿಗೂ ಆಗ ಎರಡು ಜಡೆ, ನೀಲಿ ರಿಬ್ಬನ್ನು, ಒಂಬತ್ತನೇ ಕ್ಲಾಸು.

ಈಗ ದಿನಾ ಬೆಳಿಗ್ಗೆ ಅದೇ ಸದ್ದು ಮಾಡುವವರು ಎದುರು ಮನೆಯ ಜಯಮ್ಮ. ಅಂಗಡಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಪೊರಕೆ ಎಷ್ಟೇ ಬರಲಿ, ನಮ್ಮ ಅರಸೀಕೆರೆಯಲ್ಲಿ ಅಂಗಳಕ್ಕೆ ತೆಂಗಿನ ಕಡ್ಡಿ ಪೊರಕೆಯೇ ಆಗಬೇಕು. ನಾನು ಆ ಹೊತ್ತಿಗೆ ರಸ್ತೆಗೆ ಬೆನ್ನು ಹಾಕಿ ಕಾಂಪೌಂಡಿನೊಳಗೆ ದಾಸವಾಳ ಬಿಡಿಸುತ್ತಿರುತ್ತೇನೆ. ಸರ್, ಸರ್ ಅಂತ ಶುರುವಾದದ್ದೇ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೈ ನಿಲ್ಲುತ್ತದೆ. ಕಾಯುತ್ತೇನೆ. ಹಾಡು ಬರುವುದಿಲ್ಲ. ಆಮೇಲೆ ತಿರುಗಿ ನೋಡುತ್ತೇನೆ.

"ಏನ್ ಮೇಡಮ್ನೋರೇ, ಯಾರನ್ನಾದ್ರೂ ಕಾಯ್ತಾ ಇದೀರಾ?"

"ಇಲ್ಲ ಜಯಮ್ಮ."

"ದಿನಾ ಹಿಂಗೇ ತಿರುಗಿ ನೋಡ್ತೀರಲ್ಲ, ನೆಂಟ್ರು ಗಿಂಟ್ರು ಬರೋರವ್ರೇನೋ ಅಂದ್ಕೊಂಡೆ."

"ನೆಂಟರು ಬಂದರೆ ನನಗಿಂತ ಮೊದಲು ನಿಮಗೇ ಗೊತ್ತಾಗುತ್ತಲ್ಲ."

"ಅದೂ ಸರೀನೇ ಅನ್ನಿ," ಅಂತ ಅವರು ಪೊರಕೆಯ ಬುಡವನ್ನು ಅಂಗೈಗೆ ಎರಡು ಸಲ ಕುಟ್ಟಿ ಒಳಗೆ ಹೋಗುತ್ತಾರೆ. ಎಷ್ಟೋ ದಿನ, ಬೆಳಗಿನಿಂದ ಮಲಗುವವರೆಗೆ ನಾನು ಮನುಷ್ಯರ ಜೊತೆ ಆಡುವ ಮಾತು ಇಷ್ಟೇ. ಟು ಬಿ ಫ್ರಾಂಕ್, ಉಳಿದದ್ದೆಲ್ಲ ಉತ್ತರ ಕೊಡುವ ಕೆಲಸ. ಕುಕ್ಕರ್ ಕೂಗಿದರೆ "ಬಂದೆ, ಬಂದೆ" ಅನ್ನುತ್ತೇನೆ. ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ಯಾತ್ರಿಗಳು ದಯವಿಟ್ಟು ಗಮನಿಸಿ ಅಂತ ಆ ಹುಡುಗಿಯ ದನಿ ತೇಲಿ ಬಂದರೆ "ಗಮನಿಸಿದೆನಮ್ಮ" ಅನ್ನುತ್ತೇನೆ. ಇಂಗ್ಲಿಷ್ ಲೆಕ್ಚರರ್ ಆಗಿ ಊರಿನ ಅರ್ಧ ಮಕ್ಕಳಿಗೆ ಪಾಠ ಹೇಳಿದವಳು ಗೋಡೆಗೆ ಉತ್ತರ ಕೊಡುತ್ತ ಕೂತಿದ್ದಾಳೆ ಅಂದರೆ ನೀವು ನಗಬಹುದು. ನಾನೂ ನಗುತ್ತೇನೆ. ಆದರೆ ಈ ಅಭ್ಯಾಸ ವಯಸ್ಸಿನಿಂದ ಬಂದದ್ದಲ್ಲ, ಸಿಸ್ಟರ್ ಬೆನೆಡಿಕ್ಟಾ ಕಲಿಸಿದ್ದು.

ಸಿಸ್ಟರ್ ಬೆನೆಡಿಕ್ಟಾ ನಮ್ಮ ಕಾನ್ವೆಂಟಿನಲ್ಲಿ ಮ್ಯೂಸಿಕ್ ಮತ್ತು ನೀಡಲ್‌ವರ್ಕ್ ಎರಡನ್ನೂ ಹೇಳಿಕೊಡುತ್ತಿದ್ದರು. ಮಂಗಳೂರು ಕಡೆಯವರು. ಕುಳ್ಳಗೆ, ದುಂಡಗೆ, ಕಾಲಲ್ಲಿ ತುಳಿಯುವ ಆರ್ಗನ್ ಮುಂದೆ ಕೂತರೆ ಹಿಂದಿನಿಂದ ಬರೀ ಬಿಳಿ ಮುಸುಕು ಕಾಣುತ್ತಿತ್ತು. ಆ ವರ್ಷ ಸ್ಕೂಲ್ ಡೇಗೆ ಅವರೇ ಬರೆದು ಅವರೇ ರಾಗ ಹಾಕಿ ಒಂದು ಹಾಡಿನ ನಾಟಕ ಮಾಡಿಸಿದರು. ನಾಟಕ ಅಂದರೆ ಅವರಿಗೆ ಕೋಪ. "ನಾಟಕ ಅಲ್ಲ ಮಾರಾಯ್ತಿ, ಒಪೆರೆಟ್ಟಾ" ಅನ್ನುತ್ತಿದ್ದರು. ಕಥೆ ಇಷ್ಟೇ. ಓದಿ ದಣಿದ ಪಂಡಿತನ ಹತ್ತಿರ ಬಿದ್ದ ದೇವದೂತ ಬರುತ್ತಾನೆ. ಪುಸ್ತಕ ಮುಚ್ಚಿ ನನ್ನ ಜೊತೆ ಬಾ, ಕಳೆದುಹೋದ ಪ್ರಾಯ ವಾಪಸು ಕೊಡುತ್ತೇನೆ, ಹಾಡು ಕೊಡುತ್ತೇನೆ, ಲೋಕ ಕೊಡುತ್ತೇನೆ ಅನ್ನುತ್ತಾನೆ. ಪಂಡಿತ ಒಲ್ಲೆ ಅನ್ನುತ್ತಾನೆ. ಕೊನೆಗೆ ಎದ್ದು ನಿಂತು ಕಂದೀಲು ಎತ್ತುತ್ತಾನೆ, ಆ ಬೆಳಕಿಗೆ ದೇವದೂತ ಮತ್ತೊಮ್ಮೆ ಬೀಳುತ್ತಾನೆ. ಮಾರಲ್ ಬೇಕಲ್ಲ, ಕಾನ್ವೆಂಟು.

ನನ್ನನ್ನು ಪಂಡಿತ ಮಾಡಿದ್ದಕ್ಕೆ ಪ್ರತಿಭೆಯೇನೂ ಕಾರಣವಲ್ಲ. ನನ್ನದು ತಗ್ಗಿದ ದನಿ, ಜೊತೆಗೆ ಆಗಲೇ ಕನ್ನಡಕ ಬಂದಿತ್ತು. "ಇವಳಿಗೆ ಮೇಕಪ್ಪೇ ಬೇಡ" ಅಂದುಬಿಟ್ಟರು ಸಿಸ್ಟರ್. ದೇವದೂತ ಮಾತ್ರ ನಾಗರತ್ನ, ನಮ್ಮ ನಾಗು. ಹಳೇಬೀಡಿನ ಪಕ್ಕ ಅವರ ಹೊಲ, ರಾಗಿ ಆಲೂಗಡ್ಡೆ ಬೆಳೆಯುವ ಮನೆ. ಸೋದರತ್ತೆಯ ಮನೆಯಲ್ಲಿದ್ದುಕೊಂಡು ಇಲ್ಲಿ ಓದುತ್ತಿದ್ದಳು. ಇಡೀ ಸ್ಕೂಲಿನಲ್ಲಿ ಅಂಥ ಗಂಟಲು ಇನ್ನೊಂದಿರಲಿಲ್ಲ. ಅವಳು ಪ್ರೇಯರ್ ಹಾಡಿದರೆ ಅತ್ತ ಗೂಡ್ಸ್ ಶೆಡ್ಡಿನ ಹಮಾಲರು ಮೂಟೆ ಇಳಿಸಿ ನಿಲ್ಲುತ್ತಿದ್ದರು ಅಂತ ನಮ್ಮ ತಂದೆ ಹೇಳುತ್ತಿದ್ದರು. ಅವರು ಅಲ್ಲೇ ಪಾರ್ಸೆಲ್ ಆಫೀಸಿನಲ್ಲಿ ಕ್ಲಾರ್ಕು.

ರೆಕ್ಕೆಯದು ಒಂದು ಕಥೆ. ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು, ಬೋರ್ಡಿಂಗಿನ ಹರಿದ ಸೊಳ್ಳೆಪರದೆ ಹೊಲಿದು, ನೀಡಲ್‌ವರ್ಕ್ ಕ್ಲಾಸಿನವರೆಲ್ಲ ಸೇರಿ ಒಂದು ರೆಕ್ಕೆ ಮುಗಿಸುವಷ್ಟರಲ್ಲಿ ಸೊಳ್ಳೆಪರದೆಯೇ ಮುಗಿಯಿತು. ಇನ್ನೊಂದಕ್ಕೆ ಏನು ಮಾಡುವುದು ಅಂತ ನಾವು ಮುಖ ಮುಖ ನೋಡಿಕೊಂಡೆವು.

"ಬಿದ್ದವನಿಗೆ ಎರಡು ಎಂತಕ್ಕೆ?" ಅಂದರು ಸಿಸ್ಟರ್. "ಎರಡಿದ್ದರೆ ಅವನು ಹಾರಿ ವಾಪಸು ಹೋಗುತ್ತಿದ್ದ ಅಲ್ವಾ?"

ಹಾಗೆ ನಾಗುವಿಗೆ ಎಡಗಡೆ ಒಂದೇ ರೆಕ್ಕೆ. ತೋಳಿಗೆ ಕಟ್ಟಿ, ತೋಳನ್ನು ಪಕ್ಕಕ್ಕೆ ಚಾಚಿಕೊಂಡೇ ನಡೆಯಬೇಕು. ಭಾರಕ್ಕೆ ಅವಳು ಒಂದು ಕಡೆ ವಾಲುತ್ತಿದ್ದಳು. ಅದು ಅಭಿನಯ ಅಂತ ಆಮೇಲೆ ಎಲ್ಲರೂ ಹೊಗಳಿದರು.

ನಿಲ್ಲುವುದು ಹೇಗೆ ಅಂತ ಕಲಿಸಲು ಸಿಸ್ಟರ್ ನಮ್ಮನ್ನು ಬೇಲೂರಿಗೇ ಕರೆದುಕೊಂಡು ಹೋದರು. ಹೆಸರಿಗೆ ಎಕ್ಸ್‌ಕರ್ಷನ್ನು. ಗುಡಿಯ ಸೂರಿನ ಕೆಳಗೆ ಆ ಕಲ್ಲಿನ ಹೆಣ್ಣುಗಳು, ಕನ್ನಡಿ ಹಿಡಿದವಳು, ಗಿಳಿ ಕೂರಿಸಿಕೊಂಡವಳು. ನಮಗೆಲ್ಲ "ಗರ್ಲ್ಸ್, ಕೆಳಗೆ ಆನೆ ನೋಡಿ, ಆನೆ" ಅಂದು, ನಾಗುವನ್ನು ಮಾತ್ರ ಪಕ್ಕಕ್ಕೆ ಕರೆದು ಮೇಲೆ ತೋರಿಸಿದರು.

"ಆ ನಿಲುವು ನೋಡು ನಾಗರತ್ನ. ಅಷ್ಟು ಬಾಗಬೇಡ. ಸ್ವಲ್ಪ ಬಾಗು."

"ನಮ್ಮೂರಾಗೂ ಐತೆ ಸಿಸ್ಟರ್. ಇದಕ್ಕಿಂತ ಜಾಸ್ತಿ ಐತೆ."

"ಐತೆ ಅಲ್ಲ. ಇದೆ."

"ಇದೆ ಸಿಸ್ಟರ್. ಜಾಸ್ತಿ ಇದೆ."

ನಾವು ಆನೆ ನೋಡುತ್ತ ನಕ್ಕೆವು. ಆನೆಯ ಮುಖವೇನೂ ನೆನಪಿಲ್ಲ.

ಈಗ ಉತ್ತರದ ವಿಷಯಕ್ಕೆ ಬರುತ್ತೇನೆ. ಸಿಸ್ಟರ್ ನಮ್ಮಿಬ್ಬರಿಗೂ ಒಟ್ಟಿಗೆ ಕಲಿಸಲಿಲ್ಲ. ನಾಗುವಿಗೆ ಆರ್ಗನ್ ಕೋಣೆಯಲ್ಲಿ, ನನಗೆ ಹೊಲಿಗೆ ಕೋಣೆಯಲ್ಲಿ. ಕಾಗದವಿಲ್ಲ, ಬರೀ ಬಾಯಿಪಾಠ. "ದೇವದೂತ ಎಂತ ಹೇಳುತ್ತಾನೆ ಅಂತ ಪಂಡಿತನಿಗೆ ಮೊದಲೇ ಗೊತ್ತಿದ್ದರೆ ಅದೆಂತ ಆಸೆ?" ಅನ್ನುವುದು ಅವರ ಲಾಜಿಕ್ಕು. ದೇವದೂತನ ಸಾಲಿನ ಕೊನೆಯ ಎರಡು ಪದ ಮಾತ್ರ ನನಗೆ ಕೊಡುತ್ತಿದ್ದರು. ಆ ಪದ ಕಿವಿಗೆ ಬಿದ್ದ ಕೂಡಲೇ ನನ್ನ ಉತ್ತರ ಎತ್ತಿಕೊಳ್ಳಬೇಕು. "ನೋಡು ಬಾ" ಅಂದರೆ "ದೀಪವಿನ್ನೂ ಆರಲಿಲ್ಲ, ಪುಟವಿನ್ನೂ ಮುಗಿಯಲಿಲ್ಲ, ಹೋಗು, ನಾನು ಬಾರೆನು." "ಕೂತೆ ಹೇಳು" ಅಂದರೆ "ಗ್ರಂಥವುಂಟು, ದೀಪವುಂಟು, ಬೇರೆ ಯಾರೂ ಬೇಡೆನಗೆ." ಸ್ಟೇಜಿನ ಮೇಲೆ ಇಡೀ ಹಾಡು ನನ್ನ ಬೆನ್ನ ಹಿಂದೆಯೇ ಹರಿಯಿತು, ನಿಜ. ಆದರೆ ಎಲ್ಲಿ ತಪ್ಪಿಹೋಗುತ್ತದೋ ಅಂತ ಹೆದರಿಕೊಂಡ ನನ್ನ ಕಿವಿ ಆ ಎರಡು ಪದಗಳಿಗಷ್ಟೇ ಕಾಯುತ್ತಿತ್ತು. ಹೀಗೆ, ಉತ್ತರ ಪೂರ್ತಿ ಗೊತ್ತು, ಪ್ರಶ್ನೆಯ ಬಾಲ ಮಾತ್ರ ಗೊತ್ತು. ಜೀವನಪೂರ್ತಿ ಇಂಗ್ಲಿಷ್ ಪಾಠ ಮಾಡಿದೆ, ಈ ಸ್ಥಿತಿ ಬದಲಾಗಲಿಲ್ಲ.

ಸ್ಕೂಲ್ ಡೇ ಸಂಜೆ ಹಾಲು ಜನರಿಂದ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೊಬ್ಬರಿ ಮಂಡಿಯವರು, ಅವರ ಹಿಂದೆ ರೈಲ್ವೆಯವರು, ಅವರ ಹಿಂದೆ ಗಂಡಸಿ, ಕಣಕಟ್ಟೆ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದ ತಂದೆತಾಯಿಗಳು. ಎಲ್ಲರೂ ಕಂಪನಿ ನಾಟಕ ನೋಡಿ ಬೆಳೆದವರು. ಊರಿಗೆ ಡೇರೆ ಬಂದರೆ ತಿಂಗಳುಗಟ್ಟಲೆ ಬಿಡದವರು. "ಮುಗಿಯುವವರೆಗೆ ನೋ ಕ್ಲ್ಯಾಪಿಂಗ್" ಅಂತ ಸಿಸ್ಟರ್ ಮೊದಲೇ ಸ್ಟೇಜಿನಿಂದ ಹೇಳಿದ್ದರು. ಪಾಪ, ಅವರೂ ಕಡೆಯವರೆಗೂ ಗಪ್‌ಚಿಪ್ಪಾಗಿ ಕೂತರು. ನಾಗು ಹಾಡಿದಳು. ನಾನು ಒಲ್ಲೆ ಅಂದೆ. ಎದ್ದೆ, ಕಂದೀಲು ಎತ್ತಿದೆ, ದೇವದೂತ ದೊಪ್ಪನೆ ಬಿದ್ದ. ಪರದೆ ಬರಬೇಕು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ, "ಒನ್ಸ್ ಮೋರ್."

ಆಮೇಲೆ ಇಡೀ ಹಾಲು. ಒನ್ಸ್ ಮೋರ್, ಒನ್ಸ್ ಮೋರ್.

ಆರ್ಗನ್ನಿನ ಮೇಲೆ ಸಿಸ್ಟರ್ ಕೈ ನಿಂತಿತು. ಮುಸುಕು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ರೈಲ್ವೆಯವರ ಸಾಲಿನ ತುದಿಯಲ್ಲಿದ್ದ ನಮ್ಮ ತಂದೆ ಎದ್ದು ಹತ್ತಿರ ಹೋದರು.

"ಇನ್ನೊಂದ್ಸಲ ಹಾಡಿಸ್ಬೇಕು ಸಿಸ್ಟರ್. ಇಲ್ದಿದ್ರೆ ಇವರು ಬಿಡೋದಿಲ್ಲ."

"ಅವನು ಬಿದ್ದಾಯ್ತಲ್ಲ?"

"ಕಂಪನಿ ನಾಟಕದಲ್ಲಿ ಸತ್ತೋರೇ ಎದ್ದು ಹಾಡ್ತಾರೆ. ಬಿದ್ದೋನು ಏಳೋದೇನು ಕಷ್ಟ?"

"ಪಾಪಕ್ಕೆ ಒನ್ಸ್ ಮೋರಾ?"

"ಪಾಪಕ್ಕಲ್ಲ ಸಿಸ್ಟರ್, ಹಾಡಿಗೆ."

ನಾನು ಕಂದೀಲು ಹಿಡಿದು ಕಂಬದ ಹಾಗೆ ನಿಂತಿದ್ದೆ. ಈಗಷ್ಟೇ ಗೆದ್ದ ಪಂಡಿತ. ಮುಂದೇನು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲ ಬುಡದಲ್ಲಿ ಬಿದ್ದುಕೊಂಡಿದ್ದ ನಾಗು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು.

"ತಲೆ ಇಡೇ ಮೇಜಿನ ಮೇಲೆ. ನಾನು ಮತ್ತೆ ಬತ್ತೀನಿ."

ಅವಳು ಎದ್ದು, ಲಂಗ ಕೊಡವಿ, ರೆಕ್ಕೆ ಸರಿ ಮಾಡಿಕೊಂಡು ಸೈಡ್ ಪರದೆಯ ಹಿಂದೆ ಹೋದಳು. ನಾನು ಕಂದೀಲಿಟ್ಟು, ಕೂತು, ಪುಸ್ತಕದ ಮೇಲೆ ಹಣೆ ಇಟ್ಟೆ. ಹಾಲು ನಿಶ್ಶಬ್ದವಾಯಿತು. ಗಡ್ಡದ ಹತ್ತಿ ಮೂಗಿಗೆ ಕಚಗುಳಿ ಇಡುತ್ತಿತ್ತು. ಮೇಜಿನ ಮರಕ್ಕೆ ಇಂಕಿನ ವಾಸನೆ. ಆಮೇಲೆ ದೂರದಿಂದ ಸರ್, ಸರ್, ಸರ್.

ಆ ಕ್ಷಣದ ಬಗ್ಗೆ ನಿಮಗೆ ಹೇಗೆ ಹೇಳಲಿ. ತಲೆ ತಗ್ಗಿಸಿದರೆ ಸಾಕು, ಅವಳು ಮೊದಲಿನಿಂದ ಬರುತ್ತಾಳೆ. ಅಂಥ ಭರವಸೆ ಆಮೇಲೆ ನನಗೆ ಯಾವುದರಲ್ಲೂ ಸಿಗಲಿಲ್ಲ. ಎಷ್ಟು ಸಲ ಒನ್ಸ್ ಮೋರ್ ಆಯಿತೋ ನೆನಪಿಲ್ಲ. ಕಡೆಕಡೆಗೆ ಸಿಸ್ಟರ್ ತಾವೇ ಹುರುಪಿನಿಂದ ಆರ್ಗನ್ ತುಳಿಯುತ್ತಿದ್ದರು. ಗಂಡಸಿ ಕಡೆಯ ಯಾರೋ ಯಜಮಾನರು ಗ್ರೀನ್ ರೂಮಿಗೆ ಎಳನೀರು ಕಳಿಸಿದರು, ದೇವದೂತನಿಗೆ. ಧರ್ಮ ಕಾಪಾಡಿದ ಪಂಡಿತನನ್ನು ಯಾರೂ ಕೇಳಲಿಲ್ಲ. ನಾಗುವೇ ಅರ್ಧ ಕುಡಿದು ಕೊಟ್ಟಳು.

ಪಿಯುಸಿ ಮುಗಿದ ಮೇಲೆ ಅವಳು ಒಂದು ಪ್ಲಾನ್ ಹಾಕಿದಳು. ಇಬ್ಬರೂ ಮೈಸೂರಿಗೆ ಹೋಗುವುದು, ಒಂದು ರೂಮು ಹಿಡಿಯುವುದು, ಅವಳು ಸಂಗೀತ, ನಾನು ಬಿಎ. "ಬಾರೇ ವಿಮಲಿ" ಅಂದಳು. ನಾನು ನಾಟಕೀಯವಾಗಿ ಕೈ ಎತ್ತಿ "ಹೋಗು, ನಾನು ಬಾರೆನು" ಅಂದೆ. ನಕ್ಕೆವು. ನನ್ನ ತಾಯಿಗೆ ಆಗ ಹುಷಾರಿರಲಿಲ್ಲ. ದಿನಾ ಹೋಗಿ ಬರಲು ಹಾಸನದ ಕಾಲೇಜೇ ಅನುಕೂಲ ಅನ್ನಿಸಿತು. ನಾಗು ಒಬ್ಬಳನ್ನೇ ಮೈಸೂರಿಗೆ ಅವರ ಮನೆಯವರು ಕಳಿಸಲಿಲ್ಲ. ಬೇಲೂರಿನ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರಿಗೆ ಕೊಟ್ಟು ಮದುವೆ ಮಾಡಿದರು. ಒಳ್ಳೆಯ ಮನುಷ್ಯ. ಮಕ್ಕಳಾಗಲಿಲ್ಲ. ನಾನು ಮದುವೆ ಆಗಲಿಲ್ಲ. ವರ್ಷಕ್ಕೊಮ್ಮೆ ಗ್ರೀಟಿಂಗ್ ಕಾರ್ಡು, ಯಾರದಾದರೂ ಮದುವೆಯಲ್ಲಿ ಭೇಟಿ, ಮಾಲೇಕಲ್ಲಿನ ದೇವಸ್ಥಾನಕ್ಕೆ ಬಂದಾಗ ಮನೆಗೆ ಬಂದು ಕಾಫಿ. ಇಷ್ಟರಲ್ಲೇ ಇಷ್ಟು ವರ್ಷ ಹೋಯಿತು ಅಂದರೆ ನನಗೇ ನಂಬಿಕೆ ಬರುವುದಿಲ್ಲ. ಗಂಡ ತೀರಿದ ಮೇಲೆ ಅವಳು ಹಳೇಬೀಡಿನಲ್ಲಿ ಅಣ್ಣನ ಮನೆಯ ಪಕ್ಕದ ಎರಡು ಕೋಣೆಗಳಿಗೆ ಬಂದಳು. ಕಿವಿ ಮಂದವಾಗುತ್ತ ಬಂದು ಕೊನೆಗೆ ಪೂರ್ತಿ ಹೋಯಿತು. ಫೋನಿನಲ್ಲಿ ಮಾತಾಡುವುದೂ ನಿಂತಿತು.

ಹೋದ ಚಳಿಗಾಲದಲ್ಲಿ ಕಾನ್ವೆಂಟಿನಿಂದ ರಶ್ಮಿ ಅನ್ನುವ ಹುಡುಗಿ ಬಂದಳು. ಹೊಸ ಮ್ಯೂಸಿಕ್ ಟೀಚರ್. ಈ ಸಲದ ಆ್ಯನ್ಯುಯಲ್ ಡೇಗೆ ಹಳೇ ವಿದ್ಯಾರ್ಥಿಗಳೆಲ್ಲ ಹೇಳುವ ಆ ದೇವದೂತನ ನಾಟಕ ಮಾಡಿಸಬೇಕಂತೆ. ಸಿಸ್ಟರ್ ತೀರಿ ಬಹಳ ಕಾಲವಾಯಿತು, ಎಲ್ಲೂ ಒಂದು ಸಾಲೂ ಬರೆದಿಟ್ಟಿಲ್ಲ. ನಾನು ಕನ್ನಡಕ ಏರಿಸಿ, ಗಂಟಲು ಸರಿ ಮಾಡಿಕೊಂಡು, ಅವಳ ಮೊಬೈಲಿನ ಮುಂದೆ ಗತ್ತಿನಿಂದ ಹಾಡಿದೆ. ಅವಳು ಇನ್ನೊಮ್ಮೆ ಕೇಳಿಸಿಕೊಂಡಳು.

"ಮೇಡಂ, ಇದರಲ್ಲಿ ಬರೀ ಆನ್ಸರ್ಸ್ ಇವೆ."

"ಹೌದಮ್ಮ. ಕ್ವೆಶ್ಚನ್ಸ್ ಹಳೇಬೀಡಿನಲ್ಲಿವೆ."

ಹಾಗೆ ಹೊರಟೆ. ರೆಕಾರ್ಡ್ ಮಾಡಲು ನನ್ನ ಮೊಬೈಲಿನಲ್ಲಿ ಕೆಂಪು ಚುಕ್ಕೆ ಒತ್ತುವುದು ಹೇಗೆ ಅಂತ ರಶ್ಮಿ ತೋರಿಸಿಕೊಟ್ಟಿದ್ದಳು. ಜಾವಗಲ್ ಮೇಲೆ ಹೋಗುವ ಬಸ್ಸು, ಎರಡೂ ಕಡೆ ತೆಂಗಿನ ತೋಟ, ಕೊಯ್ದ ರಾಗಿ ಹೊಲ. ಸ್ಕೂಲ್ ಟ್ರಿಪ್ಪಿಗೆ ಹೊರಟವಳ ಹಾಗೆ ನಾನು ಕಿಟಕಿ ಬಿಡಲಿಲ್ಲ.

ನಾಗು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕಂಡು ಮೊರ ಪಕ್ಕಕ್ಕೆ ಸರಿಸಿ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಮಾತಾಡಿದಳು.

"ಬಾರೇ ಪಂಡಿತಾ. ಗಡ್ಡ ಎಲ್ಲಿ?"

ಕಿವಿಗೆ ಹಾಕಿಕೊಳ್ಳುವ ಮಿಷನ್ ಎಲ್ಲಿ ಅಂತ ನಾನು ಕೈಸನ್ನೆ ಮಾಡಿದೆ.

"ಡಬ್ಬೀಲಿ ಐತೆ. ಹಾಕ್ಕೊಂಡ್ರೆ ನಮ್ಮತ್ತಿಗೆ ಬೈಯೋದೆಲ್ಲ ಕೇಳ್ಸುತ್ತೆ, ನೀನು ಹೇಳೋದು ಮಾತ್ರ ಕೇಳ್ಸಲ್ಲ. ಏನ್ ಉಪಯೋಗ ಹೇಳು. ನೀನು ಬಾಯಿ ಬಿಟ್ಟು ಮಾತಾಡು, ನಾನು ನೋಡ್ತೀನಿ."

ವಿಷಯ ಹೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತ ಕೇಳಿದಳು. ದೇವದೂತ ಅಂದಾಗ ಅವಳ ಎಡತೋಳು ಸ್ವಲ್ಪ ಅಲುಗಿತು. ಹಾಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು, ಕೇಳಿಸದ ಮೇಲೆ ಶ್ರುತಿ ಎಲ್ಲಿ ಹೋಗುತ್ತದೋ ಅಂತ ನಾಚಿಕೆ ಅಂದಳು. ನಾನು ನನ್ನ ಉತ್ತರದ ಮೊದಲ ಸಾಲು ಬಾಯಲ್ಲಿ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ, ಅದಕ್ಕೆ ಮುಂಚೆ ಏನಿತ್ತು ಅಂತ ಒಳಗೇ ಹುಡುಕಿ, ಸಣ್ಣಗೆ ಶುರು ಮಾಡಿದಳು.

"ಪುಟಗಳ ನಡುವೆ ಹೂವಿನ ಹಾಗೆ ಒಣಗಿ ಹೋದವನೇ, ಒಂದು ಸಂಜೆ ನನ್ನ ಜೊತೆಗೆ ನಡೆದು ನೋಡು ಬಾ."

ದನಿ ಒಡೆದಿತ್ತು, ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು. ಆದರೆ ನಾನು ಕೇಳುತ್ತಿರಲಿಲ್ಲ, ನೋಡುತ್ತಿದ್ದೆ. ನಾಟಕದಲ್ಲಿ ಈ ಹಾಡಿನುದ್ದಕ್ಕೂ ನನ್ನ ಬೆನ್ನು ಅವಳ ಕಡೆಗಿತ್ತು. ಇದನ್ನು ಹಾಡುವಾಗ ಅವಳ ಮುಖ ಹೇಗಿರುತ್ತದೆ ಅಂತ ಊರಿಗೆಲ್ಲ ಗೊತ್ತು, ನನಗೆ ಗೊತ್ತಿರಲಿಲ್ಲ. ಹುಬ್ಬು ಮೇಲೇರುತ್ತದೆ. ಕೊನೆಗೆ ಗದ್ದ ಸ್ವಲ್ಪ ಮುಂದೆ ಬರುತ್ತದೆ, ಸಣ್ಣ ಹುಡುಗಿ ಬೇಡುವ ಹಾಗೆ. ಎರಡನೆಯ ಚರಣ ಬಂತು. "ಕಳೆದ ಹರೆಯ ಮರಳಿ ಕೊಡುವೆ, ಕೇಳಿದ್ದೆಲ್ಲ ತಂದು ಕೊಡುವೆ, ಒಬ್ಬನೇಕೆ ಕೂತೆ ಹೇಳು."

ಕೂತೆ ಹೇಳು. ಅದರ ಹಿಂದೆ ಇದ್ದದ್ದು ಒಬ್ಬನೇಕೆ ಅನ್ನುವ ಮಾತು. ಇಷ್ಟು ವರ್ಷ ಅಡುಗೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಬಟ್ಟೆ ಒಣಗಿಸುವಾಗ ನಾನು ಗುನುಗುತ್ತಿದ್ದ ಉತ್ತರಕ್ಕೆ ಪ್ರಶ್ನೆ ಅದು. ನನ್ನ ಸರದಿ. ಬಾಯಿ ತೆರೆದೆ, ಸಾಲು ಹೊರಡಲಿಲ್ಲ.

"ಮರೆತ್ಯಾ?" ಅಂದಳು ನಾಗು. "ಗ್ರಂಥವುಂಟು ದೀಪವುಂಟು. ನಿನ್ನ ಸಾಲೂ ನಾನೇ ಹೇಳ್ಬೇಕಾ?"

ಎಲ್ಲ ಮುಗಿದ ಮೇಲೆ ನೋಡಿದರೆ ಕೆಂಪು ಚುಕ್ಕೆ ಒತ್ತಿಯೇ ಇರಲಿಲ್ಲ. ಮೊಬೈಲು ತೋರಿಸಿ, ಬೆರಳೆತ್ತಿ, ಒನ್ಸ್ ಮೋರ್ ಅಂತ ತುಟಿ ಆಡಿಸಿದೆ. ನಾಗು ಸೆರಗು ಬಾಯಿಗೆ ಹಿಡಿದು ಮೈ ಕುಲುಕುವಂತೆ ನಕ್ಕಳು. ಆಮೇಲೆ ಎದ್ದಳು.

"ಹಂಗಾದ್ರೆ ತಲೆ ಇಡು."

ಜಗಲಿಯ ಕಟ್ಟೆಯ ಮೇಲೆ ತೋಳು ಮಡಿಚಿ ಹಣೆ ಇಟ್ಟೆ. ಈ ಸಲ ನೆನಪಿನಿಂದ ಕೆಂಪು ಚುಕ್ಕೆ ಒತ್ತಿದ್ದೆ. ಹಿಂದೆ ಹೆಜ್ಜೆ ಬಂತು. ಆಗ ಹೊಳೆಯಿತು, ಹೀಗೆ ಬೆನ್ನು ಹಾಕಿದರೆ ಅವಳಿಗೆ ನನ್ನ ತುಟಿ ಕಾಣುವುದಿಲ್ಲ, ನಾನು ಉತ್ತರ ಮುಗಿಸಿದ್ದು ಗೊತ್ತಾಗುವುದು ಹೇಗೆ? ತಿರುಗಲು ಹೋದೆ. ಅವಳ ಅಂಗೈ ನನ್ನ ಬೆನ್ನಿನ ಮೇಲೆ ಕೂತಿತು, ಹೆಗಲುಗಳ ನಡುವೆ.

"ತಿರುಗ್ಬೇಡ. ನೀನು ಹಾಡು, ಬೆನ್ನಲ್ಲಿ ಗೊತ್ತಾಗುತ್ತೆ."

ಗೊತ್ತಾಯಿತು. ನನ್ನ ದನಿ ನಿಂತಾಗ ಅವಳು ಎತ್ತಿಕೊಂಡಳು, ಒಂದು ಕಡೆಯೂ ತಪ್ಪಲಿಲ್ಲ. ಕೊನೆಯ ಸಾಲಾದ ಮೇಲೂ ಅವಳು ಕೈ ತೆಗೆಯಲಿಲ್ಲ. ಮನೆಯಲ್ಲಿ ಒಬ್ಬರೇ ಇದ್ದವರಿಗೆ ಗೊತ್ತು, ಬೆನ್ನಿನ ಆ ಜಾಗಕ್ಕೆ ನಮ್ಮ ಕೈಯೇ ಹೋಗುವುದಿಲ್ಲ.

"ಇಲ್ಲೇ ಬಂದಿದ್ಬಿಡೇ ವಿಮಲಿ," ಅಂದಳು. ಆ ಮಾತನ್ನು ಮಾತ್ರ ಮೆಲ್ಲಗೆ ಹೇಳಿದಳು, ಕೇಳಿಸದವಳಿಗೆ ಅದು ಹೇಗೆ ಸಾಧ್ಯವಾಯಿತೋ. "ಎರಡು ರೂಮೈತೆ. ಒಂದ್ರಾಗೆ ನಿನ್ನ ಪುಸ್ತಕ ಇಟ್ಕೋ. ನೀನಲ್ಲಿ ಒಬ್ಳು, ನಾನಿಲ್ಲಿ ಒಬ್ಳು, ಏನ್ ಸಾಧಿಸ್ತಾ ಇದೀವಿ?"

ನಾನು ಎದ್ದು ಅವಳ ಕಡೆ ತಿರುಗಿ ಕಾರಣಗಳನ್ನು ಶುರು ಮಾಡಿದೆ. ನಲ್ಲಿ ನೀರು ಬರುವ ದಿನ. ಗ್ಯಾಸ್ ಬುಕ್ ಮಾಡಿದ್ದೇನೆ. ದಾಸವಾಳಕ್ಕೆ ನೀರು ಹಾಕುವವರಿಲ್ಲ. ಪೆನ್ಷನ್ನಿನ ಬ್ಯಾಂಕು ಅರಸೀಕೆರೆಯಲ್ಲಿದೆ. ಅವಳು ನನ್ನ ತುಟಿಯನ್ನು ಪೂರ್ತಿ ಓದಿ ಮುಗಿಸಿದಳು.

"ಇವ್ಯಾವೂ ಆ ಹಾಡಲ್ಲಿ ಇರ್ಲಿಲ್ಲ," ಅಂದಳು.

ಮನೆಗೆ ಬಂದ ಮಾರನೆಯ ದಿನವೇ ನಾನು ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತರಿಸಿದೆ. ಯಾವ ಪುಸ್ತಕ ಒಯ್ಯುವುದು, ಯಾವುದು ಕಾಲೇಜಿಗೆ ಕೊಡುವುದು ಅಂತ ಬೇರೆ ಮಾಡತೊಡಗಿದೆ. ಅವಳಿಗೆ ಹೇಳಲಿಲ್ಲ. ಆ್ಯನ್ಯುಯಲ್ ಡೇಗೆ ಬಂದೇ ಬರುತ್ತಾಳೆ, ಹುಡುಗಿಯರ ಹಾಡು ಮುಗಿದ ಕೂಡಲೇ ಪಕ್ಕಕ್ಕೆ ತಿರುಗಿ, ಮುಖ ನೋಡಿ ಹೇಳೋಣ, ಸರ್ಪ್ರೈಸ್ ಆಗಲಿ ಅಂತ. ನಾಟಕದ ಹುಚ್ಚು ನೋಡಿ, ಈ ವಯಸ್ಸಿನಲ್ಲೂ ಹೂಂ ಅನ್ನಲು ನನಗೆ ಸ್ಟೇಜು ಬೇಕು.

ಇನ್ವಿಟೇಷನ್ ಕೊಡಲು ರಶ್ಮಿ ಹಳೇಬೀಡಿನ ಮನೆಗೆ ಫೋನ್ ಮಾಡಿದಾಗ ಎತ್ತಿದವನು ನಾಗುವಿನ ಅಣ್ಣನ ಮಗ. "ಅತ್ತೆ ಹೋದ ವಾರ ತೀರ್ಕೊಂಡ್ರು ಮೇಡಂ. ಊಟ ಮಾಡಿ ಮಲಗಿದೋರು ಏಳ್ಲೇ ಇಲ್ಲ. ಆ ಅರಸೀಕೆರೆ ಮೇಡಮ್ಗೆ ತಿಳಿಸೋಣ ಅಂದ್ರೆ ಅತ್ತೆ ಹತ್ರ ನಂಬರ್ ಇರ್ಲಿಲ್ಲ," ಅಂದನಂತೆ. ಇರಲಿಲ್ಲ, ನಿಜ. ಕೇಳಿಸದವಳಿಗೆ ನನ್ನ ಹೊಸ ನಂಬರು ಯಾಕೆ ಅಂತ ನಾನು ಕೊಟ್ಟಿರಲಿಲ್ಲ.

ಆ್ಯನ್ಯುಯಲ್ ಡೇ ಚೆನ್ನಾಗಿ ನಡೆಯಿತು. ದೇವದೂತನಿಗೆ ಬೆಂಗಳೂರಿನಿಂದ ತರಿಸಿದ ರೆಕ್ಕೆ, ಎರಡೂ ಕಡೆ, ನಿಜವಾದ ಪುಕ್ಕ. ಸದ್ದೇ ಮಾಡಲಿಲ್ಲ. ಪಂಡಿತನಾದ ಹುಡುಗಿ ಸೊಗಸಾಗಿ ಹಾಡಿದಳು, ನನಗಿಂತ ಚೆನ್ನಾಗಿಯೇ. ಹಾಡು ಮುಗಿಯಿತು, ದೇವದೂತ ಬಿದ್ದ. ನಾನು ಉಸಿರು ಹಿಡಿದು ಕಾದೆ. ಜನರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಚಪ್ಪಾಳೆ ತಟ್ಟಿದರು, ಪರದೆ ಬಿತ್ತು, ಮುಂದಿನ ಐಟಮ್ ಅನೌನ್ಸ್ ಆಯಿತು. ಒನ್ಸ್ ಮೋರ್ ಅನ್ನುವ ಪದ್ಧತಿ ಈಗ ಯಾರಿಗೂ ಗೊತ್ತಿಲ್ಲ. ನನ್ನ ಗಂಟಲವರೆಗೆ ಬಂದಿತ್ತು. ಪಕ್ಕದ ಕುರ್ಚಿ ಖಾಲಿ ಇತ್ತು. ಅದಕ್ಕೆ ಕೇಳುವಷ್ಟು ಮೆಲ್ಲಗೆ ಅಂದೆ.

ಪೆಟ್ಟಿಗೆಗಳು ಇನ್ನೂ ಹಾಲಿನಲ್ಲೇ ಇವೆ. ಜಯಮ್ಮ ಒಂದು ದಿನ ಇಣುಕಿ "ಮನೆ ಖಾಲಿ ಮಾಡ್ತೀರಾ ಮೇಡಂ?" ಅಂದರು. ಇಲ್ಲ ಅಂದೆ. ಹಾಗಾದರೆ ಒಂದು ಪೆಟ್ಟಿಗೆ ಕೊಡಿ, ಕೋಳಿಮರಿಗೆ ಬೇಕು ಅಂದರು. ಕೊಟ್ಟೆ.

ಆವತ್ತು ಹಳೇಬೀಡಿನ ಬಸ್ ಸ್ಟಾಂಡಿನವರೆಗೂ ನಾಗು ಬಂದಿದ್ದಳು. ಬೇಡವೆಂದರೂ ಒಂದು ಚೀಲ ಅವರೆಕಾಯಿ ತೊಡೆಯ ಮೇಲೆ ಇಟ್ಟು ಕೆಳಗಿಳಿದಳು. ಕಿಟಕಿಯ ಗಾಜು ಸರಿಯಲಿಲ್ಲ. ಅವಳು ಕೆಳಗೆ ನಿಂತು ಇಡೀ ಬಸ್ಸಿಗೆ ಕೇಳುವ ಹಾಗೆ, "ಯೋಚ್ನೆ ಮಾಡು ಕಣೇ. ನಾನು ಕೇಳೋದು ಕೇಳಿದೀನಿ" ಅಂದಳು.

ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ. "ಏನಮ್ಮಾ, ಆಸ್ತಿ ವಿಚಾರಾನಾ?"

"ಹೂಂ ಕಣಪ್ಪ, ಹಾಗೇ ಅಂದ್ಕೋ."

ಬಸ್ಸು ಅಲುಗಿತು. ನಾಗು ಒಂದು ಹೆಜ್ಜೆ ಹಿಂದೆ ಸರಿದು, ಸೆರಗಿನ ತುದಿಯನ್ನು ಎಡಗೈಯಲ್ಲಿ ಹಿಡಿದು ತೋಳನ್ನು ಪಕ್ಕಕ್ಕೆ ಚಾಚಿದಳು. ಸ್ವಲ್ಪ ಬಾಗಿ ನಿಂತಳು, ಅಷ್ಟು ಅಲ್ಲ. ಬಸ್ ಸ್ಟಾಂಡಿನ ಜನ ತಿರುಗಿ ನೋಡಿದರು. ನಾನು ಏನಾದರೂ ಉತ್ತರ ಕೊಡಬೇಕಿತ್ತು. ತಲೆ ಆಡಿಸಿದ್ದರೆ ಸಾಕಿತ್ತು, ಅವಳು ನೋಡುತ್ತಲೇ ಇದ್ದಳು. ಅದರ ಬದಲು ನಾನು ಮುಂದಿನ ಸೀಟಿನ ಕಂಬಿಯ ಮೇಲೆ ತೋಳು ಮಡಿಚಿ ಹಣೆ ಇಟ್ಟೆ. ಈ ಸನ್ನೆ ಲೋಕದಲ್ಲಿ ಅರ್ಥವಾಗುವವಳು ಅವಳೊಬ್ಬಳೇ. ಕಬ್ಬಿಣ ತಣ್ಣಗಿತ್ತು. ಚೀಲದಿಂದ ಅವರೆಯ ಸೊಗಡು ಮೂಗಿಗೆ ಬರುತ್ತಿತ್ತು. ಬಸ್ಸು ಗೇರ್ ಬದಲಿಸುವವರೆಗೂ ತಲೆ ಎತ್ತಲಿಲ್ಲ.

ಆಮೇಲೆ ಎದ್ದು ನಿಂತು ಹಿಂದಿನ ಗಾಜಿನಲ್ಲಿ ನೋಡಿದೆ. ಅವಳು ರಸ್ತೆಗೆ ಬಂದಿದ್ದಳು. ತೋಳು ಇನ್ನೂ ಇಳಿಸಿರಲಿಲ್ಲ. ಒಂದು ಕಡೆ ವಾಲಿಕೊಂಡು, ಅವಸರವಿಲ್ಲದೆ, ಒಂದೊಂದೇ ಹೆಜ್ಜೆ ಬಸ್ಸಿನ ಹಿಂದೆ ನಡೆದು ಬರುತ್ತಿದ್ದಳು. ಬಸ್ಸು ಕೆರೆಯ ಕಡೆ ತಿರುಗಿತು.